ಒಂಟಿ ಈಡು

ನನ್ನ ಕೆಲಸ ಕೇಳುವುದು.
ನೆಲ್ಯಹುದಿಕೇರಿಯ ಹಳೇ ಕಾಫಿ ಡಿಪೋ ಮಾಳಿಗೆ,
ಹೊಳೆಗೆ ಮುಖ ಮಾಡಿದ ಕಿಟಕಿ, ಒಂದು ಸ್ಟೂಲು,
ಗೆರೆ ಎಳೆದ ದಪ್ಪ ಲೆಡ್ಜರು.
ಆಚೆ ದಡ ಸಿದ್ದಾಪುರ, ಗಂಡಸರದು.
ಈಚೆ ನಾವು.
ನಡುವೆ ಕಾವೇರಿ; ಅವಳನ್ನು ಯಾರ ಪಾಲಿಗೂ ಬರೆದಿಲ್ಲ.

ಆಚೆ ಯಾರಾದರೂ ಸತ್ತರೆ ಎರಡು ಈಡು,
ಒಂದರ ಬಾಲ ಹಿಡಿದು ಇನ್ನೊಂದು.
ಹೆಸರು ಕಳಿಸುವಂತಿಲ್ಲ. ಸದ್ದು ತಡೆಯುವ ಗೇಟು
ಸೇತುವೆಗೆ ಇನ್ನೂ ಹಾಕಿಲ್ಲ.
ಹೊತ್ತು ಬರೆಯುತ್ತೇನೆ, ಗಾಳಿ ಬರೆಯುತ್ತೇನೆ,
ಆನೆಗೆಂದು ಹಚ್ಚಿದ ಪಟಾಕಿಯನ್ನು ಲೆಕ್ಕದಿಂದ ಬಿಡುತ್ತೇನೆ.
ಬೆಳಿಗ್ಗೆ ಗಂಡು ಹೆತ್ತವರು ಮೆಟ್ಟಿಲ ಕೆಳಗೆ.
"ಎಷ್ಟು?" ಎನ್ನುತ್ತಾರೆ.
"ಯಾರು?" ಎಂದು ಯಾರೂ ಕೇಳುವುದಿಲ್ಲ.

ಆನೆಯನ್ನು ನೋಡಿ ಕಲಿಯಿರಿ ಎಂದಿತ್ತಂತೆ ಮೊದಲ ಸುತ್ತೋಲೆ:
ಹೆಣ್ಣು ಹಿಂಡಿನ ಮುಂದೆ, ಗಂಡು ಬೆಳೆದರೆ ಹೊರಗೆ.
ಮದ ಬಂದ ಸಲಗ ಕರಡಿಗೋಡಿನಲ್ಲಿ ನೀರಿಗಿಳಿದು
ಈಚೆ ಬಂದು ಹಲಸು ತಿಂದು ಹೋಗುವುದನ್ನು
ಸುತ್ತೋಲೆ ಬರೆದವರು ನೋಡಿರಲಿಲ್ಲ.

ವಿಂಗಡಣೆ ಎಂಬ ಮಾತು ನಮಗೆ ಹೊಸದಲ್ಲ.
ನನ್ನವ್ವ ಚಿಣ್ಣವ್ವ ಕ್ಯೂರಿಂಗಿನಲ್ಲಿ ಬೀಜ ಆರಿಸುತ್ತಿದ್ದಳು.
ಹಣ್ಣೊಳಗೆ ಎರಡು ಬೀಜ, ಚಪ್ಪಟೆ ಮುಖಕ್ಕೆ ಚಪ್ಪಟೆ ಮುಖ ಒತ್ತಿ.
ಬೇರೆಯಾದ ಮೇಲೆ ಯಾವ ಅರ್ಧ ಯಾವುದರದೆಂದು
ಯಾವ ಜರಡಿಯೂ ಹೇಳಲಾರದು.
ಅಪರೂಪಕ್ಕೆ ಒಂದೇ ಬೀಜದ ಹಣ್ಣು, ಗುಂಡಗೆ.
ಅದನ್ನವಳು ಸೆರಗಿಗೆ ಕಟ್ಟಿ ತರುತ್ತಿದ್ದಳು,
ಕಳ್ಳತನ ಎಂದು ತಿಳಿದೇ.

ಏಳು ತುಂಬಿದ ಹುಡುಗರನ್ನು ಸೇತುವೆಗೆ ಬಿಡಬೇಕು.
ನನ್ನ ಬಿದ್ದಪ್ಪ ಹೋದದ್ದು ಹುತ್ತರಿಯ ಮಾರನೆಯ ದಿನ,
ಹೊಸ ಅಕ್ಕಿಯ ಪಾಯಸ ತುಟಿಯಲ್ಲಿ ಒಣಗಿತ್ತು.
ಹುಟ್ಟಿದಾಗ ಕದ್ದು ಕೈಗಿಟ್ಟ ಹರಳು ಕಡ್ಡಿಯ ಬಿಲ್ಲು
ಚಡ್ಡಿಯ ಹಿಂದೆ ಸಿಕ್ಕಿಸಿದ್ದೆ. ಗೇಟಿನವಳು ನೋಡಿದಳು,
ನೋಡಲಿಲ್ಲ.
ಅವನು ಅಳಲಿಲ್ಲ. ನಡು ಸೇತುವೆಯಲ್ಲಿ ನಿಂತು
ಕಂಬಿಯ ಸಂದಿಯಿಂದ ಉಗುಳಿ,
ಅದು ನೀರು ಮುಟ್ಟುವ ತನಕ ಬಗ್ಗಿ ನೋಡಿ,
ಹೋದ.
ಈಗ ಇಪ್ಪತ್ತೈದು. ಅಲ್ಲಿಂದೀಚೆಗೆ ನಾನು ಬರೆದ ಜೋಡಿ ಈಡು
ಇನ್ನೂರ ಹನ್ನೊಂದು.
ಪ್ರತಿಯೊಂದರಲ್ಲೂ ಅವನು ಸತ್ತ,
ಪುಸ್ತಕ ಮುಚ್ಚುವಾಗ ಬದುಕಿದ.

ಲೆಡ್ಜರಿನಲ್ಲಿ ಇನ್ನೊಂದು ಕಾಲಮ್ಮಿದೆ: ಒಂಟಿ.
ಹಿಂದೆಲ್ಲ ಗಂಡು ಹುಟ್ಟಿದರೆ ಆಕಾಶಕ್ಕೆ ಒಂದೇ ಈಡು.
ಈಗ ಹೆರಿಗೆಯೆಲ್ಲ ಈ ದಡದಲ್ಲಿ, ಕೋವಿಯೆಲ್ಲ ಆ ದಡದಲ್ಲಿ.
ತಿಂಗಳಿಗೊಮ್ಮೆ ಮಂಜುಗಡ್ಡೆಯ ಡಬ್ಬಿಯಲ್ಲಿ ಬರುವ
ನಂಬರು ಹಚ್ಚಿದ ತಂದೆಯರು
ಸದ್ದು ಮಾಡುವುದಿಲ್ಲ.
ಅಚ್ಚು ಹಾಕಿದವರು ಆ ಕಾಲಮ್ಮು ತೆಗೆಯಲು ಮರೆತರು.
ನಲವತ್ತೊಂದು ವರ್ಷ ಅಲ್ಲಿ ಅಡ್ಡಗೀಟು ಎಳೆದಿದ್ದೇವೆ,
ನನಗಿಂತ ಮುಂಚೆ ಇಬ್ಬರು, ಆಮೇಲೆ ನಾನು.

ಇವತ್ತು ನಸುಕು, ನಾಲ್ಕು ಹತ್ತು.
ಒಂದು.

ಬಾಲಕ್ಕೆ ಕಾದೆ.
ಬೆಲ್ಲದ ಕಾಫಿ ತಣ್ಣಗಾಗಿ ಅದರಲ್ಲೊಂದು ಇರುವೆ ತೇಲಿತು.
ಪಟಾಕಿಯಲ್ಲ, ಅದರ ಸದ್ದು ಚೂರು ಚೂರು. ಇದು ಕೋವಿ.
ಎರಡನೆಯ ತೋಟೆ ಒದ್ದೆಯಾಗಿತ್ತೋ?
ಹೊಡೆಯುವವನ ಕೈ ನಡುಗಿ ಸಾವು ಅರ್ಧಕ್ಕೇ ನಿಂತಿತೋ?
ಅಥವಾ ಯಾವಳೋ ಒಬ್ಬಳು, ಸಲಗ ಇಳಿದ ಕಡೆಯೇ ಇಳಿದು,
ಒಂಬತ್ತು ತಿಂಗಳ ಹಿಂದೆ...

ಆರಕ್ಕೆ ಮೆಟ್ಟಿಲ ಕೆಳಗೆ ಹದಿನಾಲ್ಕು ಜನ.
"ಎಷ್ಟು?"
ಬೆರಳೊಂದು ಎತ್ತಿದೆ.
"ಒಂದು ಜೋಡಿಯಾ?" ಎಂದಳು ಪೂವಕ್ಕ.
ಅಲ್ಲ ಎಂದೆ.

ಮಗಳು ಹೊಳೆ ಪಾಲಾದಳೆಂದು ಹೋದ ಮಳೆಗಾಲದಲ್ಲಿ
ಬರೆದುಕೊಟ್ಟಿದ್ದ ತಂಗವ್ವ
ನಿಂತಲ್ಲೇ ಕೂತುಬಿಟ್ಟಳು, ಬಾಯಿಗೆ ಸೆರಗು.
ಅವಳ ಕಡೆ ಯಾರೂ ತಿರುಗಲಿಲ್ಲ; ತಿರುಗದಿರಲು
ಎಲ್ಲರೂ ಸೇತುವೆ ನೋಡಿದರು.

ನನ್ನ ಪೆನ್ನು ಇನ್ನೂ ಆ ಕಾಲಮ್ಮಿನ ಮೇಲೆ,
ಗೀಟೆಳೆದೇ ರೂಢಿಯಾದ ಕೈ.
ಕಿಟಕಿಯಿಂದ ಕಾಣುತ್ತದೆ: ಸೂಲಗಿತ್ತಿ ಬೀಪಾತು,
ಯಾರಿಗೂ ಹೇಳದೆ ಎದ್ದು ಹೋದವಳು,
ರವಿಕೆಯ ತೋಳು ಮೇಲೆ ಸರಿಸಿ
ಹಿತ್ತಲ ಒಲೆಗೆ ಕಟ್ಟಿಗೆ ತುರುಕುತ್ತಿದ್ದಾಳೆ.
ದೊಡ್ಡ ಹಂಡೆ. ಅಷ್ಟು ನೀರು
ಯಾರೂ ಕುಡಿಯುವುದಕ್ಕೆ ಕಾಯಿಸುವುದಿಲ್ಲ.